ವೇಷಧಾರಿಯ ಮೈಮೇಲಣ ಮೈಕು

(ಸಂಘದ ವಾರ್ಷಿಕೋತ್ಸವದ ಸಂಜೆ ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಗಡಿನಾಡಿನ ಅಳಲನ್ನೋ ಪೂರ್ವಿಕರ ವೈಭವವನ್ನೋ ಹೇಳಿ ಕುಳಿತುಕೊಳ್ಳುವುದು ಭಾಷಣಕಾರರ ರೂಢಿ. ನಾನೂ ಈ ವೇದಿಕೆಯಲ್ಲಿ ಹಾಗೆಯೇ ಮಾಡಿದವನು. ಈ ಬಾರಿ ಒಂದು ಚಿಕ್ಕ ವಿಷಯವನ್ನೆತ್ತಿಕೊಂಡು ಮಾತನಾಡಬೇಕೆಂದಿದ್ದೇನೆ. ವಿಷಯದ ಗಾತ್ರ ಒಂದು ಕಡಲೆಕಾಳಿನಷ್ಟು. ವೇಷಧಾರಿಯ ಮೈಮೇಲೆ ಅಂಟಿಸುವ ನಿಸ್ತಂತು ಮೈಕು ಅದು.

ಎರಡು ತಿಂಗಳ ಹಿಂದೆ ನಮ್ಮ ಕಾರ್ಯದರ್ಶಿಗಳು ಶಾಲೆಗೆ ಬಂದು, "ಮಾಸ್ಟ್ರೇ, ಮಕ್ಕಳ ಯಕ್ಷಗಾನಕ್ಕೆ ಆರು ನಿಸ್ತಂತು ಮೈಕುಗಳನ್ನು ತೆಗೆಸಿಕೊಡುತ್ತೇನೆಂದು ದಾನಿಗಳೊಬ್ಬರು ಮುಂದೆ ಬಂದಿದ್ದಾರೆ. ಬೇಕೋ ಬೇಡವೋ ನೀವೇ ಹೇಳಬೇಕು" ಎಂದು ಕೇಳಿದರು. ದಾನ ಬಂದಾಗ ಬೇಡವೆನ್ನುವ ಮೇಷ್ಟ್ರನ್ನು ತಾವು ಕಂಡಿರಲಾರಿರಿ. ಆದರೂ ನನ್ನ ಬಾಯಿಂದ ಕೂಡಲೇ ಉತ್ತರ ಹೊರಡಲಿಲ್ಲ. ಕಾರಣವನ್ನು ಮುಂದೆ ಹೇಳುವೆನು. ಅನಂತರ ಕಾರ್ಯಕಾರಿ ಸಮಿತಿಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, "ಕಂಠವಿಲ್ಲದವನಿಗೆ ಗೆಜ್ಜೆ ಯಾಕೆ?" ಎಂದು ಗುಡುಗಿದರು. ಅಲ್ಲಿಯೇ ಕುಳಿತಿದ್ದ ಒಬ್ಬ ತಾಯಿ ಮೆಲ್ಲನೆ, "ಕಳೆದ ವರ್ಷ ನನ್ನ ಮಗಳು ಅರ್ಧ ಗಂಟೆ ರಂಗಸ್ಥಳದಲ್ಲಿದ್ದಳು. ಏನು ಹೇಳಿದಳೆಂದು ಮಾತ್ರ ನನಗೆ ಕೇಳಿಸಲಿಲ್ಲ" ಎಂದರು. ಹಿರಿಯರು ಸುಮ್ಮನಾದರು. ಇಬ್ಬರ ಮಾತಿನಲ್ಲಿಯೂ ನಿಜವಿದೆಯೆಂದು ನನಗೆ ಅನಿಸಿದುದರಿಂದ ಅಂದಿನಿಂದ ಇದನ್ನೇ ಯೋಚಿಸುತ್ತಿದ್ದೇನೆ.

ರಂಗದ ಮಾತು ಪ್ರೇಕ್ಷಕನ ಕಿವಿಗೆ ಮುಟ್ಟಬೇಕೆಂಬ ಚಿಂತೆ ವಿದ್ಯುಚ್ಛಕ್ತಿಯೊಡನೆ ಹುಟ್ಟಿದುದಲ್ಲ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿದರೆ ನಾಟ್ಯಗೃಹದ ಅಳತೆಯ ವಿಚಾರ ಬರುತ್ತದೆ. ಮನುಷ್ಯರಿಗೆ ಮಧ್ಯಮ ಗಾತ್ರದ ಮಂಟಪವೇ ತಕ್ಕುದು. ಅದರ ಉದ್ದ 64 ಹಸ್ತ, ಅಗಲ 32 ಹಸ್ತವಿರಬೇಕು ಎಂದು ಅಲ್ಲಿ ವಿಧಿಸಿದೆ. ಹಸ್ತವೊಂದನ್ನು ಒಂದೂವರೆ ಅಡಿಯೆಂದು ಹಿಡಿದರೆ ಸುಮಾರು 96 ಅಡಿ ಉದ್ದ, 48 ಅಡಿ ಅಗಲ. ಇದಕ್ಕಿಂತ ಹಿರಿದಾದರೆ ನಟನ ಮಾತು ಅಸ್ಪಷ್ಟವಾಗುವುದು, ಮುಖದ ಭಾವವೂ ಕಾಣದೆ ಹೋಗುವುದು ಎಂಬ ಕಾರಣವನ್ನೂ ಆತನೇ ಕೊಟ್ಟಿದ್ದಾನೆ. ಅಳತೆಯನ್ನು ಹೇಳಿ ಸುಮ್ಮನಾಗದೆ ಕಾರಣವನ್ನು ಹೇಳಿದುದು ಶಾಸ್ತ್ರಕಾರನ ದೊಡ್ಡತನ. ನಾವಾದರೋ ಆ ಮಂಟಪವನ್ನು ಬಿಟ್ಟು ಗದ್ದೆಗೆ ಇಳಿದವರು. ಕೊಯಿಲಾದ ಗದ್ದೆಯಲ್ಲಿ, ಮೂರು ಕಡೆಗೂ ಜನ ಕುಳಿತಿರುವಾಗ, ಗೋಡೆಯಿಲ್ಲ, ಮಾಡಿಲ್ಲ. ಧ್ವನಿಯನ್ನು ಹಿಂದಿರುಗಿಸಿ ಕೊಡುವ ಯಾವ ವಸ್ತುವೂ ಇಲ್ಲ. ಆ ಬಯಲನ್ನು ನಮ್ಮ ಹಿರಿಯರು ಬರಿಯ ಕಂಠದಿಂದ ತುಂಬಿದರು.

ಹೇಗೆ ತುಂಬಿದರೆಂಬುದನ್ನು ಸ್ವಲ್ಪ ನೋಡಬೇಕು. ಕೇವಲ ಕಿರುಚಿದರೆ ಬಯಲು ತುಂಬುವುದಿಲ್ಲ. ವ್ಯಾಕರಣದಲ್ಲಿ ನಾವು ಸ್ವರವೆಂದೂ ವ್ಯಂಜನವೆಂದೂ ಅಕ್ಷರಗಳನ್ನು ವಿಂಗಡಿಸುತ್ತೇವಷ್ಟೆ. ಸ್ವರಕ್ಕೆ ಬಲವಿದೆ, ಅದು ದೂರ ಹೋಗುತ್ತದೆ. ವ್ಯಂಜನಕ್ಕೆ, ಅದರಲ್ಲಿಯೂ ಸ, ಶ, ಚ, ತ ಮೊದಲಾದವುಗಳಿಗೆ, ಬಲ ಕಡಿಮೆ. ಹತ್ತು ಮಾರು ಹೋಗುವುದರೊಳಗೆ ಸೋತುಬಿಡುತ್ತವೆ. ಆದರೆ ಪದದ ಅರ್ಥವನ್ನು ಹೊತ್ತಿರುವುದು ಹೆಚ್ಚಾಗಿ ವ್ಯಂಜನವೇ. 'ಕಾಲ', 'ಸಾಲ', 'ಬಾಲ' ಎಂಬ ಮೂರು ಮಾತುಗಳನ್ನು ದೂರದಿಂದ ಕೇಳಿದರೆ ಕಿವಿಗೆ ಬರುವುದು ಒಂದೇ 'ಆ'ಕಾರ. ಹಳೆಯ ಅರ್ಥಧಾರಿಗಳು ಸ್ವರವನ್ನು ಎಳೆದು, ವ್ಯಂಜನವನ್ನು ಒತ್ತಿ, ಎರಡು ಮಾತುಗಳ ನಡುವೆ ಒಂದು ನಿಲುಗಡೆಯನ್ನಿಟ್ಟು ಮಾತನಾಡುತ್ತಿದ್ದುದರ ಗುಟ್ಟು ಇದು. ಇಂದು ಅದನ್ನು ಕೇಳಿದ ಹುಡುಗರು 'ಯಕ್ಷಗಾನದ ರಾಗ' ಎಂದು ನಗುವುದುಂಟು. ಅದು ಕೃತಕತೆಯಲ್ಲ, ಬಯಲಿನ ವ್ಯಾಕರಣ. ಹಾಡುಗಾರಿಕೆಯಲ್ಲಿಯೂ ಹಾಗೆಯೇ. ನಮ್ಮ ಕಾಸರಗೋಡು ಸೀಮೆಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿಯನ್ನು ಕೇಳಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಆ ಕಂಠ ಚೆಂಡೆಯ ಮೇಲಿನಿಂದ ಹಾದು ಬರುತ್ತಿತ್ತು. ಚೆಂಡೆಯೊಡನೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ.

ಡೇರೆ ಮೇಳಗಳು ಬಂದವು, ಜನ ಹೆಚ್ಚಿದರು, ಧ್ವನಿವರ್ಧಕ ಬಂದಿತು. ಮೇಲಿನಿಂದ ಇಳಿಬಿಟ್ಟ ಒಂದೆರಡು ಮೈಕು, ಎದುರಿಗೆ ಕಂಬದ ಮೇಲೆ ಇನ್ನೊಂದು. ನಾನು ಹುಡುಗನಾಗಿ ತಂದೆಯವರ ಹೆಗಲೇರಿ ಆಟಕ್ಕೆ ಹೋಗುತ್ತಿದ್ದುದು ಆ ಕಾಲದಲ್ಲಿ. ಭಾಗವತರಿಗೆ ಅದರಿಂದ ಉಪಕಾರವೇ ಆಯಿತು. ಅವರು ಕುಳಿತಲ್ಲಿಂದ ಏಳುವವರಲ್ಲ. ವೇಷಧಾರಿಯ ಪಾಡು ಬೇರೆ. ದಿಗಿಣ ಹೊಡೆದು ರಂಗಸ್ಥಳದ ಆ ತುದಿಗೆ ಹೋದವನು ಅಲ್ಲಿಂದಲೇ ಮಾತು ಆರಂಭಿಸಿದರೆ ಕೇಳಿಸದು. ಆದುದರಿಂದ ಮೂರು ಹೆಜ್ಜೆ ಹಿಂದಕ್ಕೆ ಬಂದು, ಮೈಕಿನ ಕೆಳಗೆ ನಿಂತು, ಎದುರಾಳಿಯ ಮುಖ ನೋಡುವುದನ್ನು ಬಿಟ್ಟು ಮೈಕಿನ ಮುಖ ನೋಡಿ ಸವಾಲು ಹಾಕಬೇಕಾಯಿತು. ರಾವಣನೂ ಕಾರ್ತವೀರ್ಯನೂ ಒಂದೇ ಗೂಟಕ್ಕೆ ಕಟ್ಟಿದ ಎರಡು ಕರುಗಳಂತೆ ಅದರ ಸುತ್ತ ಸುಳಿದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಳಮದ್ದಳೆಗೆ ಈ ತೊಂದರೆಯಿಲ್ಲ. ಕುಳಿತವರ ಮುಂದೆ ತಲೆಗೊಂದು ಮೈಕು ಇಟ್ಟರೆ ಕೆಲಸವಾಯಿತು.

ಗೂಟವನ್ನೇ ಕಿತ್ತುಹಾಕುವ ಉಪಾಯ ಬಂದುದು ಬೇರೆ ದೇಶದಲ್ಲಿ, ಬೇರೆ ಕಾರಣಕ್ಕಾಗಿ. ಅಮೆರಿಕದ ಷ್ಯೂರ್ ಕಂಪೆನಿ 1953ರಲ್ಲಿಯೇ ತಂತಿಯಿಲ್ಲದ ಮೈಕೊಂದನ್ನು ಮಾರಾಟಕ್ಕೆ ತಂದಿತ್ತು. ಆದರೆ ಕನ್ನಡ ಮೇಷ್ಟ್ರಿಗೆ ಹೆಚ್ಚು ರುಚಿಸುವ ಕಥೆ 1964ರಲ್ಲಿ ತೆರೆಕಂಡ 'ಮೈ ಫೇರ್ ಲೇಡಿ' ಎಂಬ ಚಲಚ್ಚಿತ್ರದ್ದು. ಬರ್ನಾರ್ಡ್ ಷಾ ಮಹಾಶಯನ 'ಪಿಗ್ಮೇಲಿಯನ್' ನಾಟಕದ ಆಧಾರದಿಂದ ಬಂದ ಸಂಗೀತನಾಟಕವನ್ನು ಚಿತ್ರವಾಗಿ ಮಾಡಿದರು. ಬೀದಿಯಲ್ಲಿ ಹೂ ಮಾರುವ ಹುಡುಗಿಗೆ ಶುದ್ಧ ಉಚ್ಚಾರಣೆಯನ್ನು ಕಲಿಸುವ ಧ್ವನಿಶಾಸ್ತ್ರಜ್ಞನ ಕಥೆ ಅದು. ನಮ್ಮ ವೃತ್ತಿಯವನೇ ಅನ್ನಿ. ಆ ಪಾತ್ರವನ್ನು ಮಾಡಿದ ರೆಕ್ಸ್ ಹ್ಯಾರಿಸನ್ ಹಾಡನ್ನು ಹಾಡುವವನಲ್ಲ, ಹಾಡಿನಂತೆ ಮಾತನಾಡುವವನು. ಮೊದಲೇ ಧ್ವನಿಮುದ್ರಣ ಮಾಡಿಟ್ಟು ಆಮೇಲೆ ತುಟಿಯಾಡಿಸುವ ಪದ್ಧತಿಗೆ ಆತ ಒಪ್ಪಲಿಲ್ಲ. ಒಮ್ಮೆ ಆಡಿದಂತೆ ಇನ್ನೊಮ್ಮೆ ಆಡುವುದು ತನ್ನಿಂದಾಗದು ಎಂಬುದು ಆತನ ವಾದ. ಬೇರೆ ದಾರಿಯಿಲ್ಲದೆ ಆತನ ಕಂಠಪಟ್ಟಿಯೊಳಗೆ ನಿಸ್ತಂತು ಮೈಕನ್ನು ಅಡಗಿಸಿ, ಆಡಿದ ಮಾತನ್ನು ಆಡಿದಾಗಲೇ ಹಿಡಿದರು. ಆ ಚಿತ್ರದ ಧ್ವನಿಗೆ ಆಸ್ಕರ್ ಪ್ರಶಸ್ತಿಯೂ ಬಂದಿತು.

ಒಮ್ಮೆ ಆಡಿದಂತೆ ಇನ್ನೊಮ್ಮೆ ಆಡದಿರುವುದು! ಇದನ್ನೋದಿದಾಗ ನನಗೆ ನೆನಪಾದವರು ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರು. ಬರೆದಿಟ್ಟ ಸಂಭಾಷಣೆಯಿಲ್ಲದೆ, ಭಾಗವತನ ಪದ್ಯವೊಂದನ್ನು ಹಿಡಿದುಕೊಂಡು, ಎದುರಿನವನ ಮಾತಿಗೆ ತಕ್ಕಂತೆ ಅಂದಂದಿನ ಅರ್ಥವನ್ನು ಅಂದಂದೇ ಹುಟ್ಟಿಸುವ ಕಲೆ ನಮ್ಮದು. ಹೋದ ಮಾತು ಮತ್ತೆ ಬಾರದು. ಅಂತಹ ಮಾತು ಕೇಳಿಸದೆ ಹೋದರೆ ನಷ್ಟವಾದುದನ್ನು ಪುಸ್ತಕದಲ್ಲಿ ಹುಡುಕಿ ತುಂಬಿಕೊಳ್ಳುವಂತಿಲ್ಲ. ಆದುದರಿಂದ ಲೋಕದ ಯಾವ ರಂಗಕ್ಕಾದರೂ ಈ ಯಂತ್ರ ಒಪ್ಪುವುದಾದರೆ ನಮ್ಮದಕ್ಕೆ ಒಪ್ಪಬೇಕು ಎಂದು ನನಗೆ ಆಗ ತೋರಿತು. ಆಮೇಲೆ ಅದನ್ನು ವೇಷದ ಮೇಲೆ ಕಟ್ಟಿ ನೋಡಿದಾಗ ಸಂಗತಿ ಅಷ್ಟು ಸುಲಭವಲ್ಲವೆಂದು ತಿಳಿಯಿತು.

ಯಂತ್ರದ ರೀತಿ ಹೀಗಿದೆ. ಕಡಲೆಕಾಳಿನಷ್ಟು ಮೈಕು ಬಾಯಿಯ ಸಮೀಪದಲ್ಲಿ ಇರುತ್ತದೆ. ಅಲ್ಲಿಂದ ಒಂದು ತೆಳುವಾದ ತಂತಿ ಬೆನ್ನಿಗೋ ಸೊಂಟಕ್ಕೋ ಕಟ್ಟಿದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಗೆ ಹೋಗುತ್ತದೆ. ಆ ಪೆಟ್ಟಿಗೆ ಒಂದು ಪುಟ್ಟ ಆಕಾಶವಾಣಿ ಕೇಂದ್ರ. ಮಾತನ್ನು ರೇಡಿಯೋ ಅಲೆಯಾಗಿ ಬಿತ್ತರಿಸುತ್ತದೆ. ರಂಗದ ಪಕ್ಕದಲ್ಲಿರುವ ಇನ್ನೊಂದು ಪೆಟ್ಟಿಗೆ ಅದನ್ನು ಹಿಡಿದು ಧ್ವನಿವರ್ಧಕಕ್ಕೆ ಕೊಡುತ್ತದೆ. ಇದರ ಲಾಭವೆಲ್ಲ ಇರುವುದು ಸಾಮೀಪ್ಯದಲ್ಲಿ. ಎರಡು ಮೀಟರು ಮೇಲೆ ತೂಗುವ ಮೈಕಿಗೆ ಬದಲಾಗಿ ಬಾಯಿಂದ ಹತ್ತು ಸೆಂಟಿಮೀಟರು ದೂರದ ಹಣೆಯಂಚಿನಲ್ಲಿ ಮೈಕು ಇದ್ದರೆ ದೂರ ಇಪ್ಪತ್ತರಲ್ಲಿ ಒಂದಂಶಕ್ಕೆ ಇಳಿಯಿತು; ಮೈಕಿಗೆ ತಾಗುವ ಮಾತಿನ ಒತ್ತಡ ಸುಮಾರು ಇಪ್ಪತ್ತು ಪಾಲು ಹೆಚ್ಚಾಯಿತು. ಚೆಂಡೆ ಇದ್ದಲ್ಲಿಯೇ ಇದೆ. ಹೀಗೆ ಮಾತು ಚೆಂಡೆಯಿಂದ ಬೇರ್ಪಡುತ್ತದೆ.

ಎಲ್ಲಿ ಅಂಟಿಸಬೇಕೆಂಬುದು ಮುಖ್ಯ. ಎದೆಪದಕದ ಮೇಲೆ ಸಿಕ್ಕಿಸಿದರೆ ಗಲ್ಲದ ನೆರಳಿನಲ್ಲಿ ಕುಳಿತಂತಾಗಿ 'ಸ'ಕಾರ 'ಶ'ಕಾರಗಳು ಅದಕ್ಕೆ ತಲುಪುವುದಿಲ್ಲ. ಮಾತು ಕಂಬಳಿಯೊಳಗಿಂದ ಬಂದಂತೆ ಗುಂಯ್ಗುಡುತ್ತದೆ. ಮೇಲಾಗಿ ಮಣಿಸರಗಳ ಉಜ್ಜಾಟ ಬೇರೆ. ಬಾಯಿಯ ನೇರಕ್ಕೆ ತಂದರೆ ಪ, ಫ, ಬ, ಭಗಳ ಉಸಿರು ಬಡಿದು ಸಿಡಿಲಿನಂತೆ ಕೇಳುತ್ತದೆ. ನಮ್ಮ ಅನುಭವದಲ್ಲಿ ಕಿರೀಟದ ಮುಂಚೂಣಿಯ ಕೆಳಗೆ, ಹಣೆಯ ನಡುವೆ ಇರಿಸುವುದು ಒಳ್ಳೆಯದು. ಇಲ್ಲಿ ನನ್ನ ವೃತ್ತಿಗೆ ಸೇರಿದ ಒಂದು ಮಾತು. ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಅಲ್ಪಪ್ರಾಣ ಮಹಾಪ್ರಾಣಗಳ ದೋಷ ಈ ಮೈಕಿನ ಮುಂದೆ ಬಟ್ಟಬಯಲಾಗುತ್ತದೆ. 'ಧರ್ಮ'ವನ್ನು 'ದರ್ಮ'ವೆಂದ ಧರ್ಮರಾಯನನ್ನು ಇಡೀ ಊರು ಕೇಳುತ್ತದೆ. ತರಗತಿಯಲ್ಲಿ ನಾನು ಹತ್ತು ಸಲ ತಿದ್ದಿದರೂ ಆಗದ ಕೆಲಸ, ತನ್ನ ಧ್ವನಿಯನ್ನು ತಾನೇ ಒಮ್ಮೆ ಕೇಳಿದ ಹುಡುಗನಲ್ಲಿ ಆಯಿತು.

ಶತ್ರುಗಳಲ್ಲಿ ಮೊದಲನೆಯದು ಬೆವರು. ಬಣ್ಣ, ಅದರ ಮೇಲೆ ಬಟ್ಟೆ, ಅದರ ಮೇಲೆ ದಗಲೆ, ಹಗ್ಗ, ಭುಜಕೀರ್ತಿ. ಅದರೊಳಗೆ ಕುಣಿಯುವ ಶರೀರ. ಹಣೆಯಿಂದಿಳಿದ ಒಂದು ಹನಿ ಮೈಕಿನ ರಂಧ್ರವನ್ನು ಮುಚ್ಚಿದರೆ ಅಭಿಮನ್ಯು ನೀರಿನೊಳಗಿಂದ ಮಾತನಾಡುತ್ತಾನೆ. ತಂತಿಯನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆತ್ತಿದರೆ ಬೆವರು ಆ ತಿರುವಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆಂಬುದನ್ನು ಸೌಂಡಿನವರೊಬ್ಬರು ಕಲಿಸಿಕೊಟ್ಟರು. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಬೇಕು. ಅದರಿಂದ ಹೊರಟ ಬಾಲದಂತಹ ಆಂಟೆನಾ ಮಡಚಬಾರದು, ಒದ್ದೆ ಮೈಗೆ ಒತ್ತಬಾರದು. ಮನುಷ್ಯದೇಹದ ನೀರು ರೇಡಿಯೋ ಅಲೆಯನ್ನು ಕುಡಿದುಬಿಡುತ್ತದೆ. ಇನ್ನು ಬ್ಯಾಟರಿ. ವೇಷ ಕಟ್ಟಿದ ಮೇಲೆ ಅದನ್ನು ಬದಲಿಸಬೇಕಾದರೆ ಅರ್ಧ ವೇಷವನ್ನು ಬಿಚ್ಚಬೇಕು. ಆದುದರಿಂದ ಹಳೆಯದರಲ್ಲಿ ಇನ್ನೂ ಜೀವವಿದೆಯೆಂದು ಉಳಿತಾಯ ಮಾಡದೆ ಪ್ರತಿಯೊಂದು ಆಟಕ್ಕೂ ಹೊಸದನ್ನೇ ಹಾಕತಕ್ಕದ್ದು.

ಒಂದೊಂದು ಮೈಕಿಗೂ ಒಂದೊಂದು ಬೇರೆ ತರಂಗಾಂತರ ಬೇಕು. ಕೊಳ್ಳುವವರು ಗಮನಿಸಬೇಕು: ಅಗ್ಗವೆಂದು ಹಳೆಯ 700 ಮೆಗಾಹರ್ಟ್ಸ್ ಸಾಮಾನನ್ನು ತರಬಾರದು. ಅಮೆರಿಕದಲ್ಲಿ ಆ ಪಟ್ಟಿಯಲ್ಲಿ ಮೈಕುಗಳ ಬಳಕೆ 2010ರ ಜೂನ್ 12ರಿಂದ ನಿಷಿದ್ಧವಾಯಿತು. ನಮ್ಮ ದೇಶದಲ್ಲಿಯೂ 2022ರ ಹರಾಜಿನಲ್ಲಿ ಅದು ಮೊಬೈಲ್ ಕಂಪೆನಿಗೆ ಹೋಯಿತು. ಸರಕಾರದ ನಿಯಮವನ್ನು ವಿಚಾರಿಸಿಯೇ ಕೊಳ್ಳುವುದು ಕ್ಷೇಮ.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಗುಂಡಿಗಳ ಮುಂದೆ ಕುಳಿತುಕೊಳ್ಳುವ ಮನುಷ್ಯ. ಆರು ಮೈಕುಗಳನ್ನೂ ತೆರೆದೇ ಬಿಟ್ಟರೆ ಚೆಂಡೆ ಆರು ದಾರಿಯಿಂದ ನುಗ್ಗುತ್ತದೆ. ಕೂಗುಯಂತ್ರ ಕೊಂಯ್ ಎನ್ನುತ್ತದೆ. ಅಣ್ಣ ತಮ್ಮಂದಿರು ಅಪ್ಪಿಕೊಂಡಾಗ ಒಬ್ಬನ ಮಾತು ಇಬ್ಬರ ಮೈಕಿಗೂ ಕೂದಲೆಳೆಯಷ್ಟು ಹಿಂದುಮುಂದಾಗಿ ಬಿದ್ದು ಕೊಡದೊಳಗಿನ ಮಾತಿನಂತೆ ಟೊಳ್ಳಾಗುತ್ತದೆ. ಮಾತನಾಡುವವನದನ್ನು ತೆರೆದು ಉಳಿದವನ್ನು ಮುಚ್ಚಬೇಕು. ಪದ್ಯ ಎಲ್ಲಿ ಮುಗಿಯುತ್ತದೆ, ಯಾರು ಬಾಯಿ ತೆರೆಯುತ್ತಾರೆ, ಬಣ್ಣದ ವೇಷ ಯಾವಾಗ ಅಬ್ಬರಿಸುತ್ತದೆ ಎಂಬುದು ತಿಳಿದಿದ್ದರೆ ಮಾತ್ರ ಅದು ಸಾಧ್ಯ. ಬರೆದ ಪಾಠವಿಲ್ಲದ ಆಟದಲ್ಲಿ ಆತ ಕನ್ನಡ ಬಲ್ಲವನೂ ಪ್ರಸಂಗ ಬಲ್ಲವನೂ ಆಗಿರಬೇಕು. ಮದುವೆ ಮನೆಗೆ ಹಾಡು ಹಾಕುವವರನ್ನು ಕರೆತಂದು ಕೂರಿಸಿ ಯಂತ್ರವನ್ನು ದೂರಿದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು, ಹಿಮ್ಮೇಳದವರು ಮುನಿಯಬಾರದು. ಇತ್ತೀಚೆಗೆ ಚೆಂಡೆಗೂ ಮೈಕು ಇಡುತ್ತಾರೆ. ಮೈಲಿಯಾಚೆಗೆ ಕೇಳಲೆಂದೇ ಹುಟ್ಟಿದ ವಾದ್ಯಕ್ಕೆ ಇದೇಕೆ ಬೇಕು? ಅದನ್ನು ಏರಿಸಿ, ಅದನ್ನು ಮೀರಿಸಲು ಮಾತನ್ನು ಏರಿಸಿ, ಕೊನೆಗೆ ಮುಂದಿನ ಸಾಲಿನ ಮುದುಕರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ವೇಷಧಾರಿಗೆ ಮೈಕು ಕೊಡುವ ಮೊದಲು ಚೆಂಡೆಯ ಮೈಕನ್ನು ತೆಗೆಯಿರಿ. ಅರ್ಧ ಕೆಲಸ ಅಷ್ಟರಿಂದಲೇ ಆಗುತ್ತದೆ.

ಇನ್ನು ನಾನು ಕೂಡಲೇ ಉತ್ತರ ಕೊಡದಿದ್ದ ಕಾರಣ. ನಾಲ್ಕು ವರ್ಷಗಳ ಹಿಂದೆ ಬೇರೊಂದು ಕಡೆ ನನ್ನ ಶಿಷ್ಯರಿಂದ 'ಅಭಿಮನ್ಯು ಕಾಳಗ' ಮಾಡಿಸಿದೆ. ಎರಡು ನಿಸ್ತಂತು ಮೈಕುಗಳನ್ನು ಬಾಡಿಗೆಗೆ ತಂದಿದ್ದೆವು. ಅಭಿಮನ್ಯುವಾದ ಹುಡುಗ ಎಂಟನೆಯ ತರಗತಿಯವನು, ಮನೆಮಾತು ತುಳು, ಗಟ್ಟಿಗ. ಅವನಿಗಾಗಿ ಅರ್ಥವನ್ನು ನಾನೇ ಬರೆದಿದ್ದೆ. 'ಚಕ್ರವ್ಯೂಹಭೇದನವಿಚಕ್ಷಣ' ಎಂಬಂತಹ ಸಮಾಸಗಳನ್ನು ಪೋಣಿಸಿದ್ದೆ. ಒಂದಕ್ಷರ ತಪ್ಪದೆ ಒಪ್ಪಿಸಿದ, ಸಭೆ ಚಪ್ಪಾಳೆ ತಟ್ಟಿತು, ನಾನು ಬೀಗಿದೆ. ವೇಷ ಚೌಕಿಗೆ ಹೋಯಿತು. ಪೆಟ್ಟಿಗೆಯ ಗುಂಡಿಯನ್ನು ತೆಗೆಯಬೇಕಾದವನು ನಾನು. ಮರೆತೆ. ಗುಂಡಿಗಳ ಮುಂದೆ ಕುಳಿತಿದ್ದವನೂ ಗಮನಿಸಲಿಲ್ಲ. ಭಾಗವತರು ಮುಂದಿನ ಪದ್ಯಕ್ಕಾಗಿ ಒಂದು ಕ್ಷಣ ತಡೆದರು. ಆ ಮೌನದಲ್ಲಿ, ಗದ್ದೆಯ ನಾಲ್ಕೂ ಮೂಲೆಯ ಧ್ವನಿವರ್ಧಕಗಳಿಂದ ಅಭಿಮನ್ಯುವಿನ ಧ್ವನಿ ತುಳುವಿನಲ್ಲಿ ಕೇಳಿಸಿತು. ಗೆಳೆಯನೊಡನೆ ಹೇಳುತ್ತಿದ್ದ: ನೀರು ಕೊಡು ಮಾರಾಯ, ನಾನು ಹೇಳಿದ್ದು ಏನೆಂದು ನನಗೇ ಗೊತ್ತಿಲ್ಲ, ಮಾಸ್ಟ್ರಿಗೂ ಗೊತ್ತುಂಟೋ ಇಲ್ಲವೋ.

ನಮ್ಮ ಊರಿನಲ್ಲಿ ತುಳು ತಿಳಿಯದವರು ಯಾರಿದ್ದಾರೆ? ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಗುವಂತೆ ಮಾಡಿದೆ. ಹುಡುಗ ಮಾತ್ರ ಚೌಕಿಯಿಂದ ಹೊರಗೆ ಬರಲೊಲ್ಲ. ಕೊನೆಗೆ ಬೇರೊಬ್ಬನಿಗೆ ಕಿರೀಟವಿಟ್ಟು ಆಟ ಮುಗಿಸಿದೆವು. ಮರುದಿನ ಅವನ ಮನೆಗೆ ಹೋಗಿ, ತಪ್ಪು ನನ್ನದೆಂದು ಅವನ ತಂದೆಯವರ ಎದುರಿನಲ್ಲಿಯೇ ಹೇಳಿದೆ. ಅವನು ತಲೆ ಎತ್ತಲಿಲ್ಲ. ಆಮೇಲೆ ಅವನು ವೇಷ ಮಾಡಲಿಲ್ಲ. ಮದ್ದಳೆ ಕಲಿಯುತ್ತಿದ್ದಾನೆಂದು ಕೇಳಿದ್ದೇನೆ.

ಗುಂಡಿ ಮರೆತ ತಪ್ಪು ಒಂದು ರಾತ್ರಿಯದು. ಅದರಿಂದ ಹೊರಬಿದ್ದ ಇನ್ನೊಂದು ತಪ್ಪು ಹಲವು ವರ್ಷಗಳದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡವನ್ನು ಉಳಿಸುವ ಮಾತನ್ನಾಡುತ್ತಿದ್ದೇವೆ. ನಮ್ಮ ಮಕ್ಕಳ ಮನೆಯ ಮಾತು ತುಳು, ಕೊಂಕಣಿ, ಮರಾಟಿ, ಮಲೆಯಾಳ, ಹವ್ಯಕ ಹೀಗೆ ಹಲವು. ಗ್ರಂಥಸ್ಥವಾದ ಕನ್ನಡ ಅವರ ಕಿವಿಗೆ ಬೀಳುವುದು ಶಾಲೆಯಲ್ಲಿ; ಶಾಲೆಯನ್ನು ಬಿಟ್ಟರೆ ರಂಗಸ್ಥಳದಲ್ಲಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣ ಪ್ರಸಂಗಗಳನ್ನು ಕೇಳಿಯೇ ಅಕ್ಷರ ತಿಳಿಯದ ಅಜ್ಜಿಯಂದಿರು ಕನ್ನಡವನ್ನು ಬಲ್ಲವರಾಗಿದ್ದರು. ಚೆಂಡೆಯ ಕೆಳಗೆ ಮಾತು ಹೂತುಹೋಗುತ್ತಿದ್ದಾಗ ನನ್ನ ಸಮಾಸಗಳು ಯಾರಿಗೂ ಅರ್ಥವಾಗದಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಅರ್ಥವೆಂದು ಹೆಸರಿಟ್ಟುಕೊಂಡು ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡಿಸುತ್ತಿದ್ದೆ.

ಈಗ ನಾನು ಬರೆದು ಕೊಡುವುದಿಲ್ಲ. ಪದ್ಯವನ್ನು ಓದಿ ಬಿಡಿಸುತ್ತೇನೆ. ಮೊದಲು ಅವರವರ ಮನೆಮಾತಿನಲ್ಲಿ ಹೇಳಿಸುತ್ತೇನೆ. ಆಮೇಲೆ ಕನ್ನಡಕ್ಕೆ ತರಿಸುತ್ತೇನೆ. ಭಾಷೆ ಸ್ವಲ್ಪ ಬಡವಾಗಿದೆ ಎಂದು ಹಿರಿಯರು ಆಕ್ಷೇಪಿಸುತ್ತಾರೆ, ಒಪ್ಪುತ್ತೇನೆ. ಕಳೆದ ವಾರ ಸುಭದ್ರೆಯಾದ ಹುಡುಗಿ ಮಗನನ್ನು ತಡೆಯುವಾಗ, "ನಿನ್ನ ಅಪ್ಪ ಮನೆಯಲ್ಲಿಲ್ಲ, ನೀನೂ ಹೊರಟರೆ ಬಾಗಿಲು ಯಾರಿಗಾಗಿ ತೆರೆದಿಡಲಿ?" ಎಂದಳು. ನನ್ನ ವಿದ್ವತ್ ಪದವಿಗೆ ಆ ಮಾತು ಬರೆಯಲಾಗುತ್ತಿರಲಿಲ್ಲ.

ಅಂತೂ ದಾನಿಗಳಿಗೆ ನನ್ನ ಉತ್ತರ: ಬೇಕು. ಆದರೆ ಆರು ಬೇಡ, ಮೂರು ಸಾಕು. ಉಳಿದ ಹಣದಲ್ಲಿ ಹತ್ತನೆಯ ತರಗತಿಯ ಇಬ್ಬರು ಮಕ್ಕಳಿಗೆ ಆ ಗುಂಡಿಗಳ ಕೆಲಸವನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆಯಾಗಲಿ. ಅಭ್ಯಾಸವೆಲ್ಲ ಮೈಕಿಲ್ಲದೆ, ಶಾಲೆಯ ಅಂಗಳದ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ನಡೆಯಬೇಕು. ಕೊನೆಯ ಎರಡು ದಿನ ಮಾತ್ರ ಮೈಕು ಕಟ್ಟತಕ್ಕದ್ದು. ಕರೆಂಟು ಹೋದರೂ ಆಟ ನಿಲ್ಲಬಾರದು. "ಕಂಠವಿಲ್ಲದವನಿಗೆ ಗೆಜ್ಜೆ ಯಾಕೆ" ಎಂದ ಹಿರಿಯರು ಇದಕ್ಕೆ ತಲೆಯಾಡಿಸಿದ್ದಾರೆ. ಪೂರ್ಣ ಮನಸ್ಸಿನಿಂದಲೋ ಅಲ್ಲವೋ ಹೇಳಲಾರೆ.

ಇಂದಿನ ಆಟಕ್ಕೆ ಮೂರು ಮೈಕುಗಳನ್ನು ಬಾಡಿಗೆಗೆ ತಂದಿದ್ದೇವೆ. ಚೆಂಡೆಗೆ ಮೈಕು ಇಟ್ಟಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವರು ಮಾತು ಕೇಳಿಸದಿದ್ದರೆ ದಯವಿಟ್ಟು ಕೈ ಎತ್ತಬೇಕು. ಗುಂಡಿಗಳ ಮುಂದೆ ಇರುವ ಮಕ್ಕಳಿಗೆ ಹಾಗೆಂದು ಹೇಳಿಟ್ಟಿದ್ದೇನೆ. ಚೌಕಿಯಲ್ಲಿ ಕಿರೀಟ ಕಟ್ಟುತ್ತಿದ್ದಾರೆ. ಪೆಟ್ಟಿಗೆಗಳ ಗುಂಡಿ ತೆಗೆದಿದೆಯೋ ಇಲ್ಲವೋ ನೋಡಬೇಕಾಗಿದೆ. ನನಗೆ ಅಪ್ಪಣೆ ಕೊಡಬೇಕು.